ರೋಡ್‌ಕಿಂಗ್ ಕೊಟ್ಟು ಡುಕಾಟಿ ತರುವ ಮೊದಲು

ಟೂ ಸ್ಟ್ರೋಕ್ ಗಾಡಿ ರಿಪೇರಿ ನನ್ನ ಕಸುಬು. ಬರುವುದರಲ್ಲಿ ಜಾವಾ, ಯೆಜ್ಡಿಗಳೇ ಹೆಚ್ಚು. ನಡುನಡುವೆ ಒಂದು ಆರ್‌ಎಕ್ಸ್ 100, ಅಪರೂಪಕ್ಕೆ ಒಂದು ರಾಜದೂತ್ 350. ಹಿಂದೆಲ್ಲ ಜನ ಗಾಡಿ ನಿಲ್ಲಿಸಿ, ಇಂಥ ಕಡೆ ಸದ್ದು ಬರ್ತಿದೆ ಅಂತ ಹೇಳಿ ಹೋಗುತ್ತಿದ್ದರು. ಈಗ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಟೀ ಬಂದ ಮೇಲೆ ವಿಷಯ ಹೊರಗೆ ಬರುತ್ತದೆ: "ಅಣ್ಣ, ಇದನ್ನ ಕೊಟ್ಬಿಟ್ಟು ಒಂದು ಡುಕಾಟಿ ತಗೊಳ್ಳಣ ಅಂತಿದೀನಿ. ಏನಂತೀರ?" ಡುಕಾಟಿ ಜಾಗದಲ್ಲಿ ಹಯಾಬುಸಾ ಇರಬಹುದು, ನಿಂಜಾ ಇರಬಹುದು. ಕೇಳುವವರು ಬಹುಪಾಲು ನಲವತ್ತು ದಾಟಿದವರು. ಮನೆ ಸಾಲ ತೀರಿದೆ, ಮಕ್ಕಳು ಕಾಲೇಜು ಹತ್ತಿದ್ದಾರೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಶೆಡ್ಡಿನಲ್ಲಿರುವ ಗಾಡಿ ಅಪ್ಪನದು, ಇಲ್ಲವೇ ತಮ್ಮದೇ ಮಹಾರಾಜ ಕಾಲೇಜಿನ ದಿನಗಳದ್ದು.

ಇಂಥ ಪ್ರಶ್ನೆ ಎಲ್ಲ ಊರಲ್ಲೂ ಇದ್ದದ್ದೇ. ಮೈಸೂರಿನಲ್ಲಿ ಮಾತ್ರ ಅದರ ಲೆಕ್ಕ ಬೇರೆ, ಯಾಕೆಂದರೆ ಗಾಡಿ ಹುಟ್ಟಿದ್ದೇ ಇಲ್ಲಿ. ರುಸ್ತುಂ ಇರಾನಿ, ಫರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮಾರನೆಯ ವರ್ಷ ಯಾದವಗಿರಿಯ ಕಾರ್ಖಾನೆಯಿಂದ ಜೆಕೊಸ್ಲೊವಾಕಿಯದ ಲೈಸೆನ್ಸಿನಲ್ಲಿ ಜಾವಾ 250 ಹೊರಬಂತು. ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ನಿಂತಿತು. ನಮ್ಮ ಊರಿನ ಮಟ್ಟಿಗೆ ಸ್ಪೋರ್ಟ್ಸ್ ಗಾಡಿ ಅಂದರೆ ಅದೇ. ಕಾರಿನಲ್ಲಿ ಆ ಆಸೆ ತೀರಿಸಿಕೊಳ್ಳುವಷ್ಟು ದುಡ್ಡು ಎಷ್ಟು ಜನರ ಹತ್ತಿರ ಇತ್ತು?

ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ಕೆಟ್ಟು ನಿಂತ ಗಾಡಿಯ ಮೇಲೆ ಕೂತು ತೀರ್ಮಾನ ಮಾಡಬೇಡಿ

"ಬೇಜಾರಾಗಿದೆ ಅಣ್ಣ, ಕೊಟ್ಬಿಡ್ತೀನಿ" ಅನ್ನುವವರ ಗಾಡಿಯನ್ನು ಮೊದಲು ನಾನೇ ಒಂದು ಸುತ್ತು ಓಡಿಸುತ್ತೇನೆ. ಎಷ್ಟೋ ಸಲ ಬೇಜಾರಿನ ಕಾರಣ ಯಜಮಾನನ ಮನಸ್ಸಿನಲ್ಲಿರುವುದಿಲ್ಲ, ಕ್ರ್ಯಾಂಕಿನ ಆಯಿಲ್ ಸೀಲಿನಲ್ಲಿರುತ್ತದೆ. ಸೀಲು ಹೋದರೆ ಗಾಳಿ ಎಳೆದುಕೊಳ್ಳುತ್ತದೆ, ಇಲ್ಲವೇ ಗೇರ್ ಬಾಕ್ಸಿನ ಆಯಿಲ್ ಎಳೆದುಕೊಂಡು ಬೀದಿ ತುಂಬ ಹೊಗೆ ಬಿಡುತ್ತದೆ. ಎರಡನೇ ಗೇರು ಹಾರುತ್ತಿದ್ದರೆ ಓಡಿಸುವವನ ಧೈರ್ಯವೂ ಜೊತೆಗೆ ಹಾರುತ್ತದೆ. ಸೈಲೆನ್ಸರ್ ಒಳಗೆ ವರ್ಷಗಟ್ಟಲೆಯ ಕರಿ ಕೂತಿದ್ದರೆ 248 ಸಿಸಿ ಇಂಜಿನ್ನು ಮೊಪೆಡ್ಡಿನ ಹಾಗೆ ಏದುಸಿರು ಬಿಡುತ್ತದೆ.

ಇದಕ್ಕೆ ಈಗ ಪೆಟ್ರೋಲೂ ಸೇರಿಕೊಂಡಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಹಳೆಯ ಕಾರ್ಬ್ಯುರೇಟರಿನ ರಬ್ಬರು, ಪೆಟ್ರೋಲ್ ಪೈಪು ಉಬ್ಬಿ ಗಟ್ಟಿಯಾಗುತ್ತವೆ. ಮಾಲೀಕರು ಅಂದುಕೊಳ್ಳುವುದು "ಗಾಡಿಗೆ ವಯಸ್ಸಾಯ್ತು" ಅಂತ. ವಯಸ್ಸಾಗಿರುವುದು ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ.

ಹಾಗಾಗಿ ನನ್ನ ಮೊದಲ ಷರತ್ತು: ಸೀಲು, ಪಾಯಿಂಟು, ಕಾರ್ಬ್ಯುರೇಟರು, ಸೈಲೆನ್ಸರು ಇಷ್ಟು ಸರಿ ಮಾಡಿಸಿ, ನಂಜನಗೂಡಿಗೆ ಹೋಗಿ ಬನ್ನಿ. ಆಮೇಲೂ ಮಾರಬೇಕು ಅನ್ನಿಸಿದರೆ ಮಾತಾಡೋಣ. ಬಹಳ ಜನ ಆ ಎರಡನೇ ಮಾತಿಗೆ ಬರುವುದೇ ಇಲ್ಲ. ಬಂದವರ ಆಸೆ ನಿಜವಾದದ್ದು, ಅದನ್ನು ಕೇಳಲೇಬೇಕು.

2. ಯೆಜ್ಡಿಯ ಹಿಂದೆ ಒಂದು ಊರೇ ನಿಂತಿದೆ

ಕಾರ್ಖಾನೆ ನಿಂತು ಎಷ್ಟು ಕಾಲವಾಯಿತು? ಆದರೂ ಪಿಸ್ಟನ್ ಸಿಗುತ್ತದೆ, ಕನೆಕ್ಟಿಂಗ್ ರಾಡ್ ಕಿಟ್ ಸಿಗುತ್ತದೆ, ಕ್ಲಚ್ ಪ್ಲೇಟು, ಕೇಬಲ್ಲು, ಮೊಣಕಾಲಿಗೆ ತಾಗುವ ಟ್ಯಾಂಕಿನ ರಬ್ಬರ್ ಪ್ಯಾಡು ಕೂಡ ಸಿಗುತ್ತದೆ. ಸಿಗದ್ದನ್ನು ಲೇತಿನವರು ಮಾಡಿಕೊಡುತ್ತಾರೆ. ಬೋರ್ ಮಾಡುವವರಿಗೆ ಸಿಲಿಂಡರ್ ತೋರಿಸಿದರೆ ಸಾಕು, ಯಾವ ಗಾಡಿ ಅಂತ ಕೇಳುವುದಿಲ್ಲ. ಇದಕ್ಕೆಲ್ಲ ಕಾರಣ ಯಾದವಗಿರಿಯಲ್ಲಿ ಕೆಲಸ ಮಾಡಿ ಹೊರಬಂದ ಕೈಗಳು. ಒಬ್ಬೊಬ್ಬರೂ ಒಂದೊಂದು ಬೀದಿಯಲ್ಲಿ ಶೆಡ್ಡು ಹಾಕಿದರು, ಅವರ ಕೈಕೆಳಗೆ ಹುಡುಗರು ಕಲಿತರು, ಆ ಹುಡುಗರಿಗೂ ಈಗ ತಲೆ ನರೆತಿದೆ.

ನನಗೆ ಟೈಮಿಂಗ್ ಇಡುವುದನ್ನು ಕಲಿಸಿದವರು ಅಂಥ ಒಬ್ಬ ಹಿರಿಯರು. ಮೀಟರು ಗೀಟರು ಏನೂ ಇಲ್ಲ. ಸಿಗರೇಟ್ ಪ್ಯಾಕಿನ ಒಳಗಿನ ಬೆಳ್ಳಿ ಕಾಗದವನ್ನು ಕಿರುಬೆರಳಗಲ ಹರಿದು ಪಾಯಿಂಟುಗಳ ನಡುವೆ ಸಿಕ್ಕಿಸುತ್ತಿದ್ದರು. ಎಡಗೈಯಲ್ಲಿ ಕಾಗದದ ತುದಿಯನ್ನು ಹಿಡಿದೂ ಹಿಡಿಯದ ಹಾಗೆ ಎಳೆಯುತ್ತ, ಬಲಗೈಯಲ್ಲಿ ಕ್ರ್ಯಾಂಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗುವುದು. ಪಾಯಿಂಟು ಬಾಯಿ ಬಿಟ್ಟ ಕ್ಷಣ ಕಾಗದ ಜಾರಿ ಕೈಗೆ ಬರುತ್ತದೆ. ಆಗ ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟ ಕಡ್ಡಿಯ ಮೇಲಿನ ಗೀರು ನೋಡುವುದು, ಪಿಸ್ಟನ್ ಇನ್ನೂ ಎಷ್ಟು ಕೆಳಗಿದೆ ಅಂತ. ಸರಿಯಿದ್ದರೆ "ಹೂಂ" ಅನ್ನುತ್ತಿದ್ದರು. ಮಿಕ್ಕಂತೆ ಮಾತಿಲ್ಲ. ದಾರಿಯಲ್ಲಿ ಕೆಟ್ಟರೂ ಒಂದು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು, ಒಂದು ಬೆಳ್ಳಿ ಕಾಗದ ಇದ್ದರೆ ಮನೆ ಮುಟ್ಟುವ ಗಾಡಿ ಇದು.

ಈಗ ಇಟಲಿಯ ಗಾಡಿ ನೋಡಿ. ಡುಕಾಟಿಯ ಹೆಸರಾಂತ ಡೆಸ್ಮೊ ಇಂಜಿನ್ನಿನಲ್ಲಿ ವಾಲ್ವ್ ಮುಚ್ಚುವುದಕ್ಕೆ ಸ್ಪ್ರಿಂಗ್ ಇಲ್ಲ; ತೆರೆಯುವುದೂ ಮುಚ್ಚುವುದೂ ಕ್ಯಾಮಿನದೇ ಕೆಲಸ. ಬಹಳ ಚೆಂದದ ಯೋಚನೆ, ಬಿಚ್ಚಿ ನೋಡಿದಾಗ ಕೈಮುಗಿಯಬೇಕು ಅನ್ನಿಸುತ್ತದೆ. ಆದರೆ ಆ ಸಂದು ಅಳೆದು ಸರಿಪಡಿಸುವುದು ಬೇರೆಯೇ ವಿದ್ಯೆ. ಟ್ವಿನ್ ಸಿಲಿಂಡರಿನ ಎಷ್ಟೋ ಮಾಡೆಲ್ಲುಗಳಲ್ಲಿ 24,000 ಅಥವಾ 30,000 ಕಿಲೋಮೀಟರಿಗೊಮ್ಮೆ ಅದನ್ನು ಮಾಡಿಸಲೇಬೇಕು. ಹಳೆಯ ಮಾಡೆಲ್ಲಾದರೆ ಜೊತೆಗೆ ಟೈಮಿಂಗ್ ಬೆಲ್ಟೂ ಬದಲಾಗಬೇಕು, ಗಾಡಿ ಓಡಿರಲಿ ಬಿಡಲಿ. ಅದಕ್ಕೆ ತಕ್ಕ ಸಲಕರಣೆ, ಕಂಪ್ಯೂಟರಿಗೆ ಜೋಡಿಸುವ ವಯರು, ಅದರ ಸಾಫ್ಟ್‌ವೇರು ಇರುವ ಕಡೆಗೆ ಗಾಡಿಯನ್ನು ಕಳಿಸಬೇಕು. ಮೈಸೂರಿನವರಿಗೆ ಅದು ಸಾಮಾನ್ಯವಾಗಿ ಬೆಂಗಳೂರು. ಎಚ್ಚರಿಕೆಯ ದೀಪ ಒಂದು ಹತ್ತಿಕೊಂಡರೂ ಟೆಂಪೊ ಕರೆಯಬೇಕು.

ಆ ಕಂಪನಿಗಳ ಆಯುಷ್ಯವೂ ನಮ್ಮ ಕೈಯಲ್ಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಹಾರ್ಲೆ ಡೇವಿಡ್‌ಸನ್ ಇಂಡಿಯಾದಲ್ಲಿ ತಯಾರಿಕೆ ನಿಲ್ಲಿಸುತ್ತೇನೆ ಅಂದಾಗ ಗಾಡಿ ಇಟ್ಟುಕೊಂಡವರ ಮುಖ ನೋಡಬೇಕಿತ್ತು. ಮುಂದಿನ ತಿಂಗಳು ಹೀರೊ ಕಂಪನಿ ಒಪ್ಪಂದ ಮಾಡಿಕೊಂಡಿತು, ಬಚಾವಾದರು. ಎಲ್ಲರಿಗೂ ಹಾಗೆ ಹೀರೊ ಸಿಗುವುದಿಲ್ಲ. ಐಡಿಯಲ್ ಜಾವಾ ಮುಚ್ಚಿಯೂ ಗಾಡಿ ಅನಾಥವಾಗಲಿಲ್ಲ ಅನ್ನುವುದನ್ನು ತೂಗಿ ನೋಡಿದರೆ, ಯೆಜ್ಡಿ ಕೊಡುವವನು ಕಳೆದುಕೊಳ್ಳುವುದು ಎಷ್ಟು ಅಂತ ಗೊತ್ತಾಗುತ್ತದೆ.

3. ಯಾವ ರಸ್ತೆಯಲ್ಲಿ ಓಡಿಸುತ್ತೀರಿ, ಅದನ್ನು ಹೇಳಿ

ಇದು ನಾನು ಕೇಳುವ ಪ್ರಶ್ನೆ. ಎಲ್ಲರೂ ಥಟ್ಟನೆ ಹೇಳುವುದು "ಬೆಂಗಳೂರು ಎಕ್ಸ್‌ಪ್ರೆಸ್‌ವೇ". ಅಲ್ಲೇ ನಗು ಬರುತ್ತದೆ. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ ಆ 118 ಕಿಲೋಮೀಟರ್ ರಸ್ತೆಯ ಮುಖ್ಯ ಹಾದಿಯಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಮೊಪೆಡ್ಡಿಗೂ ಇಲ್ಲ, ಇನ್ನೂರು ಕುದುರೆ ಬಲದ ಡುಕಾಟಿಗೂ ಇಲ್ಲ. ಆಟೊ, ಟ್ರ್ಯಾಕ್ಟರಿನ ಜೊತೆಗೆ ಸರ್ವಿಸ್ ರೋಡಿನಲ್ಲಿ, ಹಂಪು ಎಣಿಸುತ್ತ ಹೋಗಬೇಕು. ಪಕ್ಕದಲ್ಲಿ ತಂತಿ ಬೇಲಿಯಾಚೆ ಆಲ್ಟೊ ಕಾರೊಂದು ಆರಾಮಾಗಿ ನೂರರಲ್ಲಿ ಹೋಗುತ್ತಿರುತ್ತದೆ.

ಬೇರೆ ರಸ್ತೆಗಳ ಕಥೆಯೂ ಇದೆ. ಕೇಂದ್ರದ 2018ರ ಆದೇಶದಲ್ಲಿ ಎಕ್ಸ್‌ಪ್ರೆಸ್‌ವೇಗೂ, ನಡುವೆ ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆಗೂ ಬೈಕಿಗೆ ಇಟ್ಟ ಮಿತಿ 80. ದೊಡ್ಡ ಬೈಕುಗಳು ಮೊದಲ ಗೇರಿನಲ್ಲೇ ನೂರು ದಾಟುತ್ತವೆ. ಬಂಡೀಪುರದ ಮೂಲಕ ಊಟಿಗೋ ವಯನಾಡಿಗೋ ಅಂದರೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಬಂದ್, 2009ರಿಂದಲೂ. ಕಾಡಿನ ಒಳಗೆ ಸದ್ದು ಮಾಡಿಕೊಂಡು ಹೋಗುವುದಕ್ಕೆ ಯಾರೂ ಬಿಡಬಾರದು, ಅದು ಬೇರೆ ಮಾತು. ಮಸಿನಗುಡಿಯಿಂದ ಊಟಿಗೆ ಏರುವ ಮೂವತ್ತಾರು ತಿರುವಿನಲ್ಲಿ ಇನ್ನೂರು ಕುದುರೆ ಬಲ ಏನು ಮಾಡುತ್ತದೆ? ಏನೂ ಮಾಡದಂತೆ ನೀವು ಹಿಡಿದಿಟ್ಟುಕೊಳ್ಳಬೇಕು. ಅಲ್ಲಿ ರೋಡ್‌ಕಿಂಗ್‌ನ ಹದಿನಾರು ಕುದುರೆ, ಕೆಳಗಿನ ಆರ್‌ಪಿಎಂನಲ್ಲೇ ಸಿಗುವ ಅದರ ಎಳೆತ, ಅಷ್ಟೂ ಕೆಲಸಕ್ಕೆ ಬರುತ್ತದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲೂ ಅಷ್ಟೇ. ಬೆಳಗ್ಗೆ ಆರಕ್ಕೆ ಎರಡನೇ ಗೇರು, ಮೂರನೇ ಗೇರು ಅಂತ ಆಡಿಕೊಂಡು ಹೋದರೆ ಗಾಡಿಯ ಶಕ್ತಿಯನ್ನೆಲ್ಲ ಬಳಸಿದ ಖುಷಿ ಸಿಗುತ್ತದೆ, ವೇಗದ ಮಿತಿಯನ್ನೂ ಮೀರಿರುವುದಿಲ್ಲ.

ಊರೊಳಗೆ ಅಂತೂ ಕೇಳಲೇಬೇಡಿ. ಲೀಟರ್ ಇಂಜಿನ್ನಿನ ಗಾಡಿಯಲ್ಲಿ ದಸರಾ ಸಮಯಕ್ಕೆ ಸಯ್ಯಾಜಿರಾವ್ ರಸ್ತೆಗೆ ಇಳಿದವರಿಗೆ ತೊಡೆ ಸುಟ್ಟ ಅನುಭವ ಇದ್ದೇ ಇದೆ. ರೇಡಿಯೇಟರಿನ ಫ್ಯಾನು ತಿರುಗುತ್ತದೆ, ಬಿಸಿಗಾಳಿಯೆಲ್ಲ ಕಾಲಿಗೇ.

ಆದರೂ ಒಂದು ಮಾತು ಒಪ್ಪಬೇಕು. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕಿಗೆ ಹೋಗಿ, ದುಡ್ಡು ಕೊಟ್ಟು, ಲೆದರ್ ಸೂಟು ಹಾಕಿಕೊಂಡು ಓಡಿಸುವ ನಿಜವಾದ ಯೋಚನೆ ಇದ್ದರೆ ಈ ವಾದವೆಲ್ಲ ಬಿದ್ದುಹೋಗುತ್ತದೆ. ಅಂಥವರು ಯೆಜ್ಡಿ ಇಟ್ಟುಕೊಂಡು ಕೊರಗಬಾರದು. "ಯಾವತ್ತಾದರೂ ಹೋಗ್ತೀನಿ" ಅನ್ನುವವರು ಇದರಲ್ಲಿ ಸೇರುವುದಿಲ್ಲ.

4. ಎಕ್ಸ್‌ಚೇಂಜ್ ಅಂತ ಒಂದಿಲ್ಲ

ಶೋರೂಮಿನವರ ಕಂಪ್ಯೂಟರಿನಲ್ಲಿ 1988ರ ರೋಡ್‌ಕಿಂಗ್ ಬರುವುದೇ ಇಲ್ಲ. ಬಂದರೂ ಗುಜರಿ ರೇಟು. ಹಾಗಾಗಿ ಇದು ಒಂದನ್ನು ಕೊಟ್ಟು ಇನ್ನೊಂದನ್ನು ತರುವ ವ್ಯವಹಾರ ಅಲ್ಲವೇ ಅಲ್ಲ. ಒಂದು ಮಾರಾಟ, ಒಂದು ಖರೀದಿ, ಎರಡಕ್ಕೂ ಸಂಬಂಧವಿಲ್ಲ. ಯೆಜ್ಡಿ ಎಷ್ಟೇ ಒಳ್ಳೆ ಬೆಲೆಗೆ ಹೋಗಲಿ, ಇಟಲಿಯ ಗಾಡಿಯ ಬೆಲೆಯಲ್ಲಿ ಅದು ಒಂದು ಮೂಲೆಗೂ ಸಾಲದು. ಅಂದಮೇಲೆ ದುಡ್ಡಿಗಾಗಿ ಯೆಜ್ಡಿ ಮಾರುತ್ತಿದ್ದೇನೆ ಅನ್ನುವುದು ನೆಪ. ಜಾಗ ಇಲ್ಲ ಅಂತಲೋ, ಮನೆಯವರು ಒಂದೇ ಇರಲಿ ಅಂದರು ಅಂತಲೋ ಹೇಳಿದರೆ ಒಪ್ಪುತ್ತೇನೆ.

ಮಾರುವುದೇ ಆದರೆ, ಒಳ್ಳೆ ಬೆಲೆ ಕೊಡುವವರು ನೋಡುವುದು ಬಣ್ಣವನ್ನಲ್ಲ. ಇಂಜಿನ್ ನಂಬರು, ಚಾಸಿಸ್ ನಂಬರು ಆರ್‌ಸಿಗೆ ಹೊಂದಬೇಕು. ಹಿಂದೆ ಯಾರೋ ಇಂಜಿನ್ ಕೇಸ್ ಬದಲಿಸಿದ್ದರೆ ಅಲ್ಲೇ ಅರ್ಧ ಬೆಲೆ ಕರಗಿತು. ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ ಇಟ್ಟುಕೊಳ್ಳಿ; ಯಾರ ಹೆಸರಿನಲ್ಲಿದೆ, ಸಾಲದ ನಮೂದು ಉಳಿದಿದೆಯೇ ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಗಾಡಿ ಅವರ ಹೆಸರಿನಲ್ಲೇ ಉಳಿದಿರುವ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. KA-09 ಬರುವ ಮೊದಲಿನ ಮೂರಕ್ಷರದ ನಂಬರ್ ಪ್ಲೇಟು ಇದ್ದರೆ ಅದನ್ನು ಮುಟ್ಟಬೇಡಿ, ಅದಕ್ಕೇ ಗಿರಾಕಿಗಳಿದ್ದಾರೆ.

5. ಶೋರೂಮಿನ ಬೆಲೆ ಅರ್ಧ ಸತ್ಯ

ಲೆಕ್ಕ ಹಾಕುವಾಗ ಜನ ಎಕ್ಸ್ ಶೋರೂಮ್ ಬೆಲೆಯ ಹತ್ತಿರವೇ ನಿಂತುಬಿಡುತ್ತಾರೆ. ಅದರೊಳಗೇ ಎರಡು ಪದರ ತೆರಿಗೆ ಇದೆ. ಪೂರ್ತಿ ಕಟ್ಟಿಕೊಂಡೇ ಹಡಗಿನಲ್ಲಿ ಬರುವ 1600 ಸಿಸಿವರೆಗಿನ ಬೈಕಿಗೆ 2025ರ ಬಜೆಟ್ಟಿನಲ್ಲಿ ಆಮದು ಸುಂಕ ಶೇ 50ರಿಂದ 40ಕ್ಕೆ ಇಳಿಯಿತು, ಎಲ್ಲರೂ ಕುಣಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ ಶೇ 40 ಆಯಿತು, ಕುಣಿತ ನಿಂತಿತು.

ಆಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. ಒಂದು ಲಕ್ಷ ಮೀರಿದ ಬೈಕಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ಇಪ್ಪತ್ತು ಲಕ್ಷದ ಗಾಡಿಗೆ ಇದೊಂದೇ ಹತ್ತಿರ ಹತ್ತಿರ ನಾಲ್ಕು ಲಕ್ಷ. ಆ ನಾಲ್ಕು ಲಕ್ಷದಲ್ಲಿ ನಿಮ್ಮ ರೋಡ್‌ಕಿಂಗನ್ನು ತಳದಿಂದ ಹೊಸದಾಗಿ ಕಟ್ಟಿಸಿ, ಮಿಕ್ಕ ದುಡ್ಡಿನಲ್ಲಿ ಮನೆಯವರಿಗೂ ಏನಾದರೂ ಕೊಡಿಸಬಹುದು.

ಇದನ್ನು ತಪ್ಪಿಸಿಕೊಳ್ಳಲು ಜನ ಹುಡುಕುವ ದಾರಿ ಬೇರೆ ರಾಜ್ಯದ ನಂಬರಿನ ಸೆಕೆಂಡ್ ಹ್ಯಾಂಡ್ ಗಾಡಿ. "ಕೇರಳ ಪಾಸಿಂಗ್ ಅಣ್ಣ, ಪಾಂಡಿಚೇರಿ ಪಾಸಿಂಗ್ ಅಣ್ಣ, ಸಸ್ತಾಗಿ ಸಿಗ್ತಿದೆ." ಸಸ್ತಾ ಯಾಕೆ ಅಂದರೆ ಇಲ್ಲಿನ ತೆರಿಗೆ ಕಟ್ಟಿಲ್ಲ. ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಇಲ್ಲಿನ ನಂಬರು ಮಾಡಿಸಬೇಕು ಅನ್ನುವುದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂಥ ದುಬಾರಿ ಕಾರುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿತು. ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿ ಎಸ್‌ಎಫ್ 90ಗೆ ಒಂದೇ ದಿನದಲ್ಲಿ 1.41 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿದರು. ಫೆರಾರಿ ಇಟ್ಟವನು ಕಟ್ಟಿದ. ನಾವು ನೀವು?

ಇನ್ಶೂರೆನ್ಸಿನ ಬಗ್ಗೆ ಒಂದೇ ಸಾಲು: ಥರ್ಡ್ ಪಾರ್ಟಿ ಹೆಚ್ಚೇನಲ್ಲ, 2022ರ ದರದಂತೆ 350 ಸಿಸಿ ಮೀರಿದ ಬೈಕಿಗೆ ವರ್ಷಕ್ಕೆ 2,804 ರೂಪಾಯಿ; ಕೈ ಸುಡುವುದು ಗಾಡಿಯ ಬೆಲೆಗೆ ತಕ್ಕಂತೆ ಏರುವ ಸ್ವಂತ ಹಾನಿಯ ವಿಮೆ. ನಿಂತಲ್ಲೇ ವಾಲಿ ಬಿದ್ದರೂ ಫೇರಿಂಗು, ಲಿವರು, ಇಂಡಿಕೇಟರು ಅಂತ ಬಿಲ್ಲು ಉದ್ದವಾಗುತ್ತದೆ.

6. ಗೇಟು ಅಳೆಯಿರಿ

ಕುವೆಂಪುನಗರ, ಸರಸ್ವತಿಪುರಂ ಕಡೆಯ ಹಳೆಯ ಮನೆಗಳ ಗೇಟು ಕಿರಿದು, ಒಳಗೆ ಕಡಿದಾದ ಇಳಿಜಾರು. ಹಯಾಬುಸಾ ತೂಕ 266 ಕಿಲೊ. ಅದನ್ನು ಹಿಂದಕ್ಕೆ ತಳ್ಳಿಕೊಂಡು, ಹೆಂಡತಿಯ ಸ್ಕೂಟರ್ ಸರಿಸಿ, ತುಳಸಿ ಕಟ್ಟೆಗೆ ತಗುಲದ ಹಾಗೆ ಹೊರಗೆ ತರುವುದನ್ನು ಒಂದು ಸಲ ಮಾಡಿ ನೋಡಿ. ದಿನಾ ಮಾಡಲಾಗುವುದಿಲ್ಲ ಅನ್ನಿಸಿದರೆ ಆ ಗಾಡಿ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೊರಗೆ ಬರುತ್ತದೆ. ಬ್ಯಾಟರಿ ಕೂತುಹೋಗುತ್ತದೆ. ಅದಕ್ಕೆ ಕಿಕ್ಕರ್ ಇಲ್ಲ.

7. 1985ರಲ್ಲಿ ಕೊಟ್ಟವರನ್ನು ಕೇಳಿ

ಈ ಆಸೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ಇದೇ ಊರಿನಲ್ಲಿ ದೊಡ್ಡ ಅಲೆ ಬಂದಿತ್ತು. 1983ರಲ್ಲಿ ರಾಜದೂತ್ 350 ಬಂತು, ಯಮಹಾದ ಆರ್‌ಡಿ 350. ಆಗಿನ ಕಣ್ಣಿಗೆ ಅದೇ ಎಕ್ಸಾಟಿಕ್. ಎರಡು ಸಿಲಿಂಡರು, ಆರು ಗೇರು, ಆ ಕಾಲದ ಯೆಜ್ಡಿಗೆ ಸಿಗದ ಓಟ. ಓಡಿಸಲು ಬಾರದವರ ಕೈಯಲ್ಲಿ ಅದರ ಬ್ರೇಕು, ಟೈರು ಓಟಕ್ಕೆ ಸಾಟಿಯಾಗಲಿಲ್ಲ. ಎಷ್ಟೋ ಗಾಡಿಗಳು ಬೇಗ ಗುಜರಿ ಸೇರಿದವು. ಪೆಟ್ರೋಲ್ ಕುಡಿತ ಬೇರೆ. ಉಳಿದವಕ್ಕೆ ಇವತ್ತು ಕೇಳಿದ ಬೆಲೆ.

ಹಿಂದೆಯೇ ಜಪಾನಿನ 100 ಸಿಸಿ ಗಾಡಿಗಳು ಬಂದವು: ಇಂಡ್ ಸುಜುಕಿ, ಹೀರೊ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಸಿಡಿ 100ರ ಮೈಲೇಜು ನೋಡಿ ಜನ ಯೆಜ್ಡಿಯನ್ನು ಹಾಲು ಹಾಕುವವರಿಗೆ, ಗ್ಯಾಸ್ ಸಿಲಿಂಡರ್ ಸಾಗಿಸುವವರಿಗೆ ಕೇಳಿದ ರೇಟಿಗೆ ಕೊಟ್ಟರು. ತಪ್ಪು ಅನ್ನಲಾರೆ. ಸಂಬಳದಲ್ಲಿ ಬದುಕುವವನಿಗೆ ಲೀಟರಿಗೆ ಎಷ್ಟು ಅನ್ನುವುದೇ ಮುಖ್ಯ. ಆದರೆ ಆ ತಲೆಮಾರಿನವರು ಈಗ ನಿವೃತ್ತರಾಗಿ ನನ್ನ ಹತ್ತಿರ ಬಂದು "ಒಂದು ಒಳ್ಳೆ ಜಾವಾ ಇದ್ರೆ ಹೇಳಪ್ಪ" ಅನ್ನುತ್ತಾರೆ. ಸಿಡಿ 100 ಬೇಕು ಅಂತ ಯಾರೂ ಕೇಳಿದ್ದಿಲ್ಲ, ಪಾಪ, ಅದೂ ಒಳ್ಳೆಯ ಗಾಡಿಯೇ.

ಇದರಿಂದ ನಾನು ತೆಗೆಯುವ ತಾತ್ಪರ್ಯ ಇಷ್ಟೇ: ಇವತ್ತಿನ ಲೀಟರ್ ಬೈಕು ಇನ್ನೂ ಹತ್ತು ವರ್ಷಕ್ಕೂ ಸಿಗುತ್ತದೆ, ಈಗಿನದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ನಿಮ್ಮದೇ ರೋಡ್‌ಕಿಂಗ್ ಒಂದು ಸಲ ಹೋದರೆ, ಅಂಥದ್ದು ಸಿಗಬಹುದು, ಅದೇ ಸಿಗುವುದಿಲ್ಲ. ಅವಸರ ಇರುವುದು ಯಾವ ಕಡೆಗೆ ಅಂತ ನೋಡಿಕೊಳ್ಳಿ.

8. ಕಾಗದ ಪತ್ರದ ಹೆದರಿಕೆಗೆ ಮಾರಬೇಡಿ

"ಹಳೆ ಗಾಡಿ ಎಲ್ಲ ಸ್ಕ್ರ್ಯಾಪ್ ಮಾಡಿಸ್ತಾರಂತೆ" ಅನ್ನುವ ಗಾಳಿ ಸುದ್ದಿಗೆ ಹೆದರಿ ಮಾರಿದವರಿದ್ದಾರೆ. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸುತ್ತ ಹೋಗಬಹುದು. 2025ರ ಆಗಸ್ಟಿನಲ್ಲಿ ಶುಲ್ಕ ಏರಿತು, ಇಪ್ಪತ್ತು ವರ್ಷ ಮೀರಿದ ಬೈಕಿಗೆ 2,000 ರೂಪಾಯಿ. ಆಮದು ಮಾಡಿದ ಬೈಕಾದರೆ ಅದೇ ಕೆಲಸಕ್ಕೆ 20,000. ಈ ಎರಡನೇ ಅಂಕಿಯನ್ನೂ ಗುರುತು ಹಾಕಿಕೊಳ್ಳಿ. ಇವತ್ತಿನ ಎಕ್ಸಾಟಿಕ್ಕಿಗೂ ಒಂದು ದಿನ ಇಪ್ಪತ್ತು ತುಂಬುತ್ತದೆ.

ಐವತ್ತು ದಾಟಿದ ಜಾವಾಗಳಿಗೆ 2021ರ ವಿಂಟೇಜ್ ನಿಯಮದಡಿ ವಿಎ ಅಕ್ಷರದ ನಂಬರು ಸಿಗುತ್ತದೆ, ಹತ್ತು ವರ್ಷದ ಅವಧಿಗೆ. ನಾನು ಎಲ್ಲರಿಗೂ ಅದನ್ನು ಹೇಳುವುದಿಲ್ಲ. ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕಷ್ಟೇ ಹೊರಗೆ ತರಬಹುದು. ದೇವರಾಜ ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ ತರುವ ಗಾಡಿಗೆ ಅದು ಬೇಡ.

9. ಹೊಸ ಯೆಜ್ಡಿ ಈ ಪ್ರಶ್ನೆಗೆ ಉತ್ತರವಲ್ಲ

2018ರಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಿದೆ. ಫೋರ್ ಸ್ಟ್ರೋಕು, ನೀರಿನಿಂದ ತಣಿಯುವ ಇಂಜಿನ್ನು, ಸೆಲ್ಫ್ ಸ್ಟಾರ್ಟು. ಓಡಿಸಿದ್ದೇನೆ, ತಕರಾರಿಲ್ಲ. ಆದರೆ ಹಳೆಯದನ್ನು ಕೊಟ್ಟು ಅದನ್ನು ತಂದರೆ ಹಳೆಯದೂ ಹೋಯಿತು, ಎಕ್ಸಾಟಿಕ್ಕೂ ಬರಲಿಲ್ಲ.

10. ಕೊಡಬೇಕಾದವರೂ ಇದ್ದಾರೆ

ಯೆಜ್ಡಿ ರಿಪೇರಿಯಿಂದ ಹೊಟ್ಟೆ ಹೊರೆಯುವ ನಾನು ಇದನ್ನು ಹೇಳಿದರೆ ಜನಕ್ಕೆ ಆಶ್ಚರ್ಯ. ಕೆಲವರಿಗೆ "ಕೊಟ್ಟುಬಿಡಿ" ಅಂತಲೇ ಹೇಳಿದ್ದೇನೆ.

ಮೊಣಕಾಲು ಹೋದವರು ಮೊದಲು. ಯೆಜ್ಡಿಯ ಕಿಕ್ಕರೂ ಗೇರ್ ಲಿವರೂ ಒಂದೇ. ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಡಚಿದರೆ ಗೇರು. ಜಾಣತನದ ಕೆಲಸ, ಆದರೆ ಅದು ಎಡಗಡೆಗೆ. ಅರವತ್ತರ ಮಂಡಿಯಲ್ಲಿ ಬೆಳಗಿನ ಚಳಿಗೆ ಒದ್ದು ಒದ್ದು ಸುಸ್ತಾಗುವುದಕ್ಕಿಂತ, ಬಟನ್ ಒತ್ತಿದರೆ ಸಾಕು ಅನ್ನುವ ಗಾಡಿ ಮೇಲು.

ಇನ್ನೊಂದು ಬಗೆಯವರು, ಅಪ್ಪನ ಗಾಡಿ ಅಂತ ಮಾತ್ರ ಇಟ್ಟುಕೊಂಡವರು. ತಾವು ಓಡಿಸುವುದಿಲ್ಲ, ಓಡಿಸಲು ಇಷ್ಟವೂ ಇಲ್ಲ. ಗಾಡಿ ಮಹಡಿ ಮೆಟ್ಟಿಲ ಕೆಳಗೆ ಹಳೆ ಬೆಡ್‌ಶೀಟ್ ಹೊದ್ದು ನಿಂತಿದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಒರೆಸಿ, ಕುಂಬಳಕಾಯಿ ಒಡೆದು, ಮತ್ತೆ ಹೊದಿಸುವುದು. ಮಾರಿದರೆ ಅಮ್ಮ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು. ಇಂಥ ಒಬ್ಬರಿಗೆ ನಾನು ಹೇಳಿದ್ದು, ಅಮ್ಮನನ್ನೇ ಕೇಳಿ ಅಂತ. ಕೇಳಿದರು. "ಅಯ್ಯೋ, ಆ ಡಬ್ಬ ತೆಗೆದ್ರೆ ಅಲ್ಲಿ ವಾಷಿಂಗ್ ಮಷೀನ್ ಇಡ್ಬಹುದು ಕಣೋ" ಅಂದರಂತೆ. ಅವರು ಗಾಡಿಯನ್ನು ಪರಿಚಯದ ಹುಡುಗನಿಗೆ ಕೊಟ್ಟು, ಸೆಕೆಂಡ್ ಹ್ಯಾಂಡ್ ಟ್ರಯಂಫ್ ತಂದರು. ಪ್ರತಿ ಭಾನುವಾರ ಹುಣಸೂರು ರಸ್ತೆಯಲ್ಲಿ ಕೊಡಗಿನ ಕಡೆ ಹೋಗುತ್ತಾರೆ. ಹುಡುಗ ಯೆಜ್ಡಿಯನ್ನು ಜುಲೈನ ಎರಡನೇ ಭಾನುವಾರದ ಜಾವಾ ಯೆಜ್ಡಿ ದಿನಕ್ಕೆ ತರುತ್ತಾನೆ. ಎರಡು ಗಾಡಿಯೂ ಓಡುತ್ತಿವೆ. ನಾನು ನೋಡಿದ ಅದಲು ಬದಲಿನಲ್ಲಿ ಅತ್ಯಂತ ಸರಿಯಾದದ್ದು ಅದು.

ಮೂರನೆಯವರು, ಹೊಸ ಗಾಡಿಯ ಕಷ್ಟಗಳನ್ನು ನಾನು ಹೇಳುವ ಮೊದಲೇ ತಿಳಿದುಕೊಂಡು, ಬೆಂಗಳೂರಿನ ಸರ್ವಿಸ್ ಖರ್ಚು ಕೇಳಿಕೊಂಡು, ಸೀಟಿನ ಎತ್ತರಕ್ಕೆ ಕಾಲು ನಿಲುಕುತ್ತದೋ ನೋಡಿಕೊಂಡು ಬರುವವರು. ಅಷ್ಟು ತಯಾರಿಯಲ್ಲಿ ಬಂದವರನ್ನು ನಾನು ತಡೆಯುವುದಿಲ್ಲ. ತಡೆದರೂ ನಿಲ್ಲುವುದಿಲ್ಲ ಬಿಡಿ.

11. ಕೊಡುವುದಾದರೆ ಹೀಗೆ ಕೊಡಿ

ಊರಿನಲ್ಲೇ ಓಡಿಸುವವರಿಗೆ ಕೊಡಿ, ನೂರೈವತ್ತು ಗಾಡಿ ಗೋದಾಮಿನಲ್ಲಿ ಕೂಡಿಡುವವರಿಗೆ ಬೇಡ. ಹತ್ತಿಪ್ಪತ್ತು ಸಾವಿರ ಕಡಿಮೆಯಾದರೂ ಅಡ್ಡಿಯಿಲ್ಲ. ಗಾಡಿಯ ಜೊತೆಗೆ ಡಬ್ಬದಲ್ಲಿರುವ ಹಳೆಯ ಕಾರ್ಬ್ಯುರೇಟರು, ಬಿಚ್ಚಿಟ್ಟ ಮೂಲ ಇಂಡಿಕೇಟರು, ಕಂಪನಿಯ ಟೂಲ್ ಕಿಟ್ಟು, ಹಳದಿಯಾದ ಆರ್‌ಸಿ ಪುಸ್ತಕ ಎಲ್ಲ ಕೊಟ್ಟುಬಿಡಿ. ನಿಮ್ಮ ಹತ್ತಿರ ಅವಕ್ಕೆ ಕೆಲಸವಿಲ್ಲ, ಅವನಿಗೆ ಮುಂದೆ ಒಂದು ದಿನ ಅದಕ್ಕಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿ ಸುತ್ತುವುದು ತಪ್ಪುತ್ತದೆ. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸುತ್ತಿದ್ದಿರಿ, ಯಾವ ಪ್ಲಗ್ಗು ಹಾಕುತ್ತಿದ್ದಿರಿ, ಕೊನೆಯ ಸಲ ಎಷ್ಟು ಓವರ್ ಸೈಜಿಗೆ ಬೋರ್ ಮಾಡಿಸಿದ್ದಿರಿ, ಒಂದು ಚೀಟಿಯಲ್ಲಿ ಬರೆದು ಕೊಡಿ.

ದುಡ್ಡು ಪೂರ್ತಿ ಕೈಗೆ ಬಂದ ಮೇಲೆ ಫಾರಂ 29, ಫಾರಂ 30ಕ್ಕೆ ಇಬ್ಬರೂ ಸಹಿ ಹಾಕಿ. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಓಪನ್ ಸಹಿ ಮಾಡಿ ಖಾಲಿ ಫಾರಂ ಕೊಡುವ ಪದ್ಧತಿ ಇನ್ನೂ ಇದೆ, ಅದಕ್ಕೆ ಹೋಗಬೇಡಿ. ಮೂರು ಕೈ ದಾಟಿದ ಗಾಡಿ ಎಲ್ಲೋ ಅಪಘಾತ ಮಾಡಿಕೊಂಡರೆ ನೋಟಿಸು ಬರುವುದು ನಿಮ್ಮ ಮನೆಗೇ, ಆಗ ಡುಕಾಟಿ ಹತ್ತಿ ಕೋರ್ಟಿಗೆ ಅಲೆಯಬೇಕಾಗುತ್ತದೆ.